ಒಮೆಗಾಟಿ ಕಡತ ಕೆಟ್ಟಾಗ ಅನುವಾದವನ್ನು ಉಳಿಸಿಕೊಳ್ಳುವ ಬಗೆ

ಬಾಣಂತಿಯರ ಆರೈಕೆಯ ಕೈಪಿಡಿಯೊಂದನ್ನು ಅನುವಾದಕರ ಉಚಿತ ತಂತ್ರಾಂಶವಾದ ಒಮೆಗಾಟಿಯಲ್ಲಿ ಕನ್ನಡಕ್ಕೆ ತರುತ್ತಿದ್ದೆ. ಶಿವಮೊಗ್ಗದ ಆಷಾಢದ ಮಳೆಯಲ್ಲಿ ಕರೆಂಟ್ ಹೋಯಿತು, ಹಳೆಯ ಯುಪಿಎಸ್ ಕೂಡ ಕೈಕೊಟ್ಟಿತು. ಮತ್ತೆ ಕಂಪ್ಯೂಟರ್ ಹಾಕಿದರೆ ಪ್ರಾಜೆಕ್ಟ್ ತೆರೆಯಲೇ ಇಲ್ಲ. ಹನ್ನೊಂದು ದಿನಗಳ ಕೆಲಸ ಅದರೊಳಗಿತ್ತು. ಒಂದೊಂದು ವಾಕ್ಯವನ್ನೂ ಹಳ್ಳಿಯ ತಾಯಿಗೆ ಅರ್ಥವಾಗುವಂತೆ ತಿದ್ದಿ ತಿದ್ದಿ ಬರೆದಿದ್ದೆ.

ಮೊದಲು ಒಮೆಗಾಟಿ ಮುಚ್ಚಿ. ಗಾಬರಿಯಲ್ಲಿ ಮತ್ತೆ ಮತ್ತೆ ತೆರೆಯಬೇಡಿ. ಪ್ರಾಜೆಕ್ಟ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿ, ಆ ನಕಲಿನ ಮೇಲೆ ಮಾತ್ರ ಕೈಯಿಡಿ.

ನಿಮ್ಮ ಅನುವಾದವೆಲ್ಲ ಇರುವುದು 'ಒಮೆಗಾಟಿ' ಎಂಬ ಒಳಫೋಲ್ಡರಿನ 'ಪ್ರಾಜೆಕ್ಟ್_ಸೇವ್.ಟಿಎಂಎಕ್ಸ್' (project_save.tmx) ಕಡತದಲ್ಲಿ. ಅದರ ಪಕ್ಕದಲ್ಲೇ ಕೊನೆಗೆ 'ಬಿಎಕೆ' (.bak) ಎಂದಿರುವ ಬ್ಯಾಕಪ್ ಕಡತಗಳಿರುತ್ತವೆ. ಹೆಸರಿನಲ್ಲಿ ದಿನಾಂಕವಿಲ್ಲದ್ದು ಹಿಂದಿನ ಸಲ ಸೇವ್ ಆದಾಗಿನದು. ದಿನಾಂಕ ಇರುವವು ಪ್ರಾಜೆಕ್ಟ್ ತೆರೆದಾಗಲೆಲ್ಲ ಉಳಿದ ಪ್ರತಿಗಳು. ಗಾತ್ರ ಸೊನ್ನೆಯಿಲ್ಲದ, ತೀರ ಇತ್ತೀಚಿನದನ್ನು ಆರಿಸಿ. ಕೆಟ್ಟ ಕಡತದ ಹೆಸರು ಬದಲಿಸಿ, ಇದಕ್ಕೆ ಮೂಲ ಹೆಸರು ಕೊಡಿ. ಹೆಚ್ಚಿನವರಿಗೆ ಇಷ್ಟೇ ಸಾಕು.

ನನ್ನಲ್ಲಿ ಆ ಪ್ರತಿಗಳಿರಲಿಲ್ಲ. ಜಾಗ ಉಳಿಸಲೆಂದು ನಾನೇ ಅಳಿಸುತ್ತಿದ್ದೆ, ದಯವಿಟ್ಟು ನೀವು ಹಾಗೆ ಮಾಡಬೇಡಿ. ಕೆಟ್ಟ ಕಡತವನ್ನೇ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಪಠ್ಯ ತಿದ್ದುವ ತಂತ್ರಾಂಶದಲ್ಲಿ ತೆರೆದೆ. ಮೂಲ ವಾಕ್ಯ ಮತ್ತು ಅನುವಾದದ ಪ್ರತಿ ಜೋಡಿಯೂ 'ಟಿಯು' ಟ್ಯಾಗ್‌ನೊಳಗೆ, ಅಂದರೆ <tu> ಎಂಬ ತೆರೆಯುವ ಗುರುತು ಮತ್ತು </tu> ಎಂಬ ಮುಚ್ಚುವ ಗುರುತಿನ ನಡುವೆ ಇರುತ್ತದೆ. ನನ್ನ ಕಡತ ಒಂದು ಜೋಡಿಯ ನಡುವೆಯೇ ತುಂಡಾಗಿ, ಮುಂದೆಲ್ಲ 'ಎನ್‌ಯುಎಲ್' ಎಂಬ ಕಪ್ಪು ಗುರುತುಗಳೇ ತುಂಬಿದ್ದವು. ಆ ಭಾಗದಲ್ಲಿ ಏನೂ ಉಳಿದಿರುವುದಿಲ್ಲ. ಪೂರ್ಣವಾಗಿ ಮುಚ್ಚಿದ ಕೊನೆಯ 'ಟಿಯು' ಹುಡುಕಿ, ಅದರ ನಂತರದ್ದನ್ನೆಲ್ಲ ಅಳಿಸಿ. ಅಲ್ಲಿ 'ಬಾಡಿ'ಯ ಮುಚ್ಚುವ ಟ್ಯಾಗ್ </body>, ಆಮೇಲೆ 'ಟಿಎಂಎಕ್ಸ್'ನ ಮುಚ್ಚುವ ಟ್ಯಾಗ್ </tmx> ಬರೆಯಿರಿ. ಸೇವ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಉಳಿಸುವ ಪದ್ಧತಿ) ಯುಟಿಎಫ್-8 ಎಂದೇ ಇರಲಿ. ಆನ್ಸಿ (ANSI) ಎಂಬ ಹಳೆಯ ಪದ್ಧತಿಯಾದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳಾಗುತ್ತದೆ.

ಇನ್ನೊಂದು ಆಸರೆಯೂ ಇದೆ. ಅನುವಾದಿತ ದಾಖಲೆಗಳನ್ನು ಒಮ್ಮೆಯಾದರೂ ತಯಾರಿಸಿದ್ದರೆ, ಪ್ರಾಜೆಕ್ಟ್ ಫೋಲ್ಡರಿನ ಮೇಲ್ಮಟ್ಟದಲ್ಲೇ ಹೆಸರಿನ ಕೊನೆಗೆ 'ಒಮೆಗಾಟಿ' ಎಂದಿರುವ ಟಿಎಂಎಕ್ಸ್ ಕಡತ ಸಿಗುತ್ತದೆ. ಅದನ್ನು 'ಟಿಎಂ' ಫೋಲ್ಡರಿನ ಒಳಗಿನ 'ಆಟೊ' ಫೋಲ್ಡರಿಗೆ ಹಾಕಿ ಪ್ರಾಜೆಕ್ಟ್ ತೆರೆದರೆ, ಅಕ್ಷರಶಃ ಹೊಂದುವ ವಾಕ್ಯಗಳು ತಾವಾಗಿ ತುಂಬಿಕೊಳ್ಳುತ್ತವೆ.

'ಪ್ರಾಜೆಕ್ಟ್_ಸೇವ್' ಕಡತದಲ್ಲಿ ಜೋಡಿಗಳು ಪುಟದ ಕ್ರಮದಲ್ಲಿರುವುದಿಲ್ಲ, ಮೂಲ ವಾಕ್ಯದ ಅಕ್ಷರಾನುಕ್ರಮದಲ್ಲಿರುತ್ತವೆ. ಆದ್ದರಿಂದ ಕಳೆದುಹೋದವು ಇಡೀ ಪುಸ್ತಕದಲ್ಲಿ ಚದುರಿರುತ್ತವೆ. ಪ್ರಾಜೆಕ್ಟ್ ತೆರೆದ ಮೇಲೆ ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ, ಒಂದು ಖಾಲಿ ವಾಕ್ಯದಿಂದ ಇನ್ನೊಂದಕ್ಕೆ ಹೋಗಿ, ನೆನಪು ಹಸಿಯಾಗಿರುವಾಗಲೇ ತುಂಬಿ. ನನಗೆ ಅಂಥವು 43 ಸಿಕ್ಕವು. ಬೆಳಗಾಗುವ ಮೊದಲೇ ಬರೆದು ಮುಗಿಸಿದೆ.