ಪಿಕಪ್ ಮೇಲೆ ಕ್ಯಾಂಪರ್: ನಾನು ತೂಕದ ಲೆಕ್ಕ ಹಾಕಿದ್ದು ಹೀಗೆ

ಟ್ರಕ್ ಕ್ಯಾಂಪರ್ ಅಂದರೆ ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ, ಸಾಮಾನು ಹಾಕುವ ಜಾಗದಲ್ಲಿ ಕೂರಿಸುವ ಪುಟ್ಟ ಮನೆ. ಹಾಸಿಗೆ, ಒಲೆ, ಸಿಂಕ್ ಎಲ್ಲ ಅದರಲ್ಲೇ. ನಾವಿರುವ ಕೊಲರಾಡೊದಿಂದ ಯೂಟಾದ ಮೊಆಬ್ ಕಡೆಯ ಕಲ್ಲುದಾರಿಗಳಿಗೆ ಟ್ರೇಲರ್ ಎಳೆದುಕೊಂಡು ಹೋಗುವುದಕ್ಕಿಂತ ಇದೇ ಸಲೀಸು. ಆದರೆ ಭಾರವೆಲ್ಲ ಟ್ರಕ್ಕಿನ ಬೆನ್ನ ಮೇಲೇ ಬೀಳುತ್ತದೆ. ಟ್ರಕ್ ಎಷ್ಟು ಎಳೆಯುತ್ತದೆ ಎಂದು ಜಾಹೀರಾತಿನಲ್ಲಿ ಹಾಕುವ ದೊಡ್ಡ ಅಂಕಿ ಇಲ್ಲಿ ಉಪಯೋಗಕ್ಕಿಲ್ಲ. ಎಷ್ಟು ಹೊರುತ್ತದೆ ಅನ್ನೋದನ್ನು ನೋಡಬೇಕು.

ನಾನು ಮೊದಲು ಕ್ಯಾಂಪರ್ ಆರಿಸಿದೆ, ಆಮೇಲೆ ಟ್ರಕ್. ಕ್ಯಾಂಪರಿನ ಒಣ ತೂಕ, ಅಂದರೆ ನೀರು, ಸಾಮಾನು ಏನೂ ತುಂಬದ ತೂಕ, 2,100 ಪೌಂಡ್ ಎಂದಿತ್ತು. ಮಾರುವವರು "ಹಾಫ್ ಟನ್ ಟ್ರಕ್ಕೇ ಸಾಕು" ಎಂದರು. ಒನ್ ಟನ್‌ಗಿಂತ ಕಡಿಮೆ ಹೊರುವ ಪಿಕಪ್ ಅದು. ಸುಮ್ನೆ ತಲೆಯಾಡಿಸಿ ಮನೆಗೆ ಬಂದು ಕಾಗದ ತೆಗೆದೆ. ಒಂದು ಗ್ಯಾಲನ್ ನೀರು 8.3 ಪೌಂಡ್, 30 ಗ್ಯಾಲನ್ ಟ್ಯಾಂಕ್ ತುಂಬಿದರೆ 250. ಎರಡು ತುಂಬಿದ ಗ್ಯಾಸ್ ಸಿಲಿಂಡರ್ 75. ಎರಡು ಬ್ಯಾಟರಿ 130. ಎಸಿ ಮತ್ತು ಪಕ್ಕದ ಚಾವಣಿ 160. ಬಿಗಿಯುವ ಸಾಮಾನು, ರಬ್ಬರ್ ಮ್ಯಾಟ್ 100. ಹೆಂಡತಿ, ಮಕ್ಕಳು 300. ಬಟ್ಟೆ, ಕುರ್ಚಿ, ಕುಕ್ಕರ್, ಸೋನಾ ಮಸೂರಿ ಚೀಲ ಸೇರಿ 400. (ಮಿಕ್ಸಿ ಬೇಡ ಅಂದೆ, ಯಾರೂ ಕೇಳಲಿಲ್ಲ.) ಒಟ್ಟು 3,515 ಪೌಂಡ್! ಹಾಫ್ ಟನ್ ಟ್ರಕ್ಕಿನ ಮಾತು ಅಲ್ಲಿಗೇ ಮುಗಿಯಿತು.

ಹಾಫ್ ಟನ್, ಒನ್ ಟನ್ ಎಲ್ಲ ಹಳೇ ಕಾಲದಿಂದ ಉಳಿದ ಹೆಸರುಗಳು. ಅವನ್ನು ನಂಬಿ ಭಾರ ಹೇರಬಾರದು. ಡ್ರೈವರ್ ಬಾಗಿಲಿನ ಕಂಬದ ಮೇಲೆ ಲೇಬಲ್ ಇರುತ್ತದೆ. ಗಾಡಿ, ಜನ, ಸಾಮಾನು ಎಲ್ಲ ಸೇರಿ ಎಷ್ಟು ತೂಗಬಹುದು ಎಂಬ ಮಿತಿ ಅದರಲ್ಲಿದೆ. ನಾನು ನೋಡಿದ ಒನ್ ಟನ್ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಟ್ರಕ್ಕಿಗೆ ಅದು 11,100. ಕೊಳ್ಳುವ ಮುಂಚೆಯೇ ಟ್ಯಾಂಕ್ ತುಂಬಿಸಿ, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. ನಾನು ಸೀಟಿನಲ್ಲಿ ಕೂತಂತೆ 7,150 ಬಂತು. ಉಳಿದದ್ದು 3,950. ಡೀಸೆಲ್ ಬೇಡ ಅಂದಿದ್ದು ಇದಕ್ಕೇ. ಆ ಎಂಜಿನ್ನೇ ನೂರಾರು ಪೌಂಡ್ ಜಾಸ್ತಿ ತೂಗುತ್ತದೆ, ಅಷ್ಟೂ ನಮ್ಮ ಸಾಮಾನಿನ ಪಾಲಿನಿಂದಲೇ ಹೋಗುತ್ತದೆ.

ತೂಕ ಸರಿಹೋದರೂ ಅದು ಎಲ್ಲಿ ಕೂರುತ್ತದೆ ಅನ್ನೋದು ಇನ್ನೊಂದು ವಿಷಯ. ಎತ್ತಿನ ಗಾಡಿಗೆ ಹಿಂಭಾರವಾದರೆ ಮೂಕಿ ಮೇಲೇಳುತ್ತದಲ್ವಾ, ಇಲ್ಲೂ ಹಾಗೇ. ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕ್ಯಾಂಪರಿನ ಭಾರದ ನಡುಬಿಂದು ಎಲ್ಲಿದೆ ಎಂದು ತಯಾರಕರು ಗುರುತು ಕೊಡುತ್ತಾರೆ. ಅದು ಹಿಂದಿನ ಆಕ್ಸಲ್‌ಗಿಂತ ಸ್ವಲ್ಪವಾದರೂ ಮುಂದೆ ಬರಬೇಕು. ನಾನು ಎಂಟು ಅಡಿ ಬೆಡ್ಡಿನ (ಹಿಂದೆ ಸಾಮಾನು ಹಾಕುವ ಜಾಗದ) ಟ್ರಕ್ಕನ್ನೇ ಹುಡುಕಿದ್ದು ಅದಕ್ಕೆ. ಗಿಡ್ಡ ಬೆಡ್ಡಿನಲ್ಲಿ ಇದೇ ಕ್ಯಾಂಪರ್ ಹಿಂದಕ್ಕೆ ಚಾಚಿಕೊಳ್ಳುತ್ತಿತ್ತು.

ಟೈರ್ ಪಕ್ಕದ ಬರಹವನ್ನೂ ಓದಿದೆ. ಒಂದೊಂದೂ 80 ಪಿಎಸ್ಐ ಗಾಳಿಯಲ್ಲಿ ಸುಮಾರು 3,640 ಪೌಂಡ್ ಹೊರುತ್ತದೆ. ಗಾಳಿ ಕಡಿಮೆಯಾದರೆ ಹೊರುವ ಶಕ್ತಿಯೂ ಕಡಿಮೆ. ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದ್ದೇನೆ, ಟ್ರಕ್ ಸಮವಾಗಿ ನಿಲ್ಲಲಿ ಅಂತ. ಅದರಿಂದ ಮಿತಿ ಒಂದು ಪೌಂಡ್ ಕೂಡ ಏರುವುದಿಲ್ಲ. ಹಾಗೆ ಏರುತ್ತದೆ ಅಂದುಕೊಂಡವರು ಬಹಳ ಮಂದಿ ಇದ್ದಾರೆ.

ಕ್ಯಾಂಪರ್ ಕಟ್ಟುವ ಕೊಕ್ಕೆಗಳನ್ನು ಬೆಡ್ಡಿನ ತಗಡಿಗೆ ಹಾಕಿಸಲಿಲ್ಲ, ಕೆಳಗಿನ ಚಾಸಿಗೇ ಹಾಕಿಸಿದೆ. ಎಲ್ಲ ತುಂಬಿ, ಎಲ್ಲರನ್ನೂ ಕೂರಿಸಿ ಮತ್ತೆ ತೂಗಿಸಿದಾಗ ಮುಂದೆ 4,340, ಹಿಂದೆ 6,300 ಬಂತು. ಹಿಂದಿನ ಆಕ್ಸಲ್ ಮಿತಿ 7,000. ಈಗಲೂ ಹೊರಟು ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ ನಾಲ್ಕೂ ಕೊಕ್ಕೆ ಬಿಗಿ ಇದೆಯಾ ನೋಡುತ್ತೇನೆ. ಮೊದಲ ಕೆಲವು ಮೈಲಿಯಲ್ಲಿ ಕ್ಯಾಂಪರ್ ಕುಲುಕಿ ಕೂರುತ್ತದೆ, ಆಗ ಒಂದಾದರೂ ಸಡಿಲವಾಗಿರುತ್ತದೆ.