ಶಾಲೆ ತೆರೆಯುವ ಮುಂಚೆ ಹುಡುಗಿಯರನ್ನು ಹುಡುಕಿ

ಇದು 2021ರ ಆಗಸ್ಟ್ ಕೊನೆಯಲ್ಲಿ, ಕೊರೊನಾದಿಂದ ಮುಚ್ಚಿದ್ದ ಶಾಲೆಗಳು ಮತ್ತೆ ತೆರೆಯುತ್ತಿದ್ದಾಗ ಬರೆದದ್ದು. ಆ ಆಗಸ್ಟ್ 23ಕ್ಕೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಒಂಬತ್ತು, ಹತ್ತನೇ ತರಗತಿ ಶುರುವಾದವು. ಕೊರೊನಾ ಪಾಸಿಟಿವಿಟಿ ದರ (ಪರೀಕ್ಷೆ ಮಾಡಿಸಿದವರಲ್ಲಿ ಸೋಂಕು ಸಿಕ್ಕವರ ಪ್ರಮಾಣ) ಶೇ 2ಕ್ಕಿಂತ ಜಾಸ್ತಿ ಅಂತ ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಇನ್ನೂ ಕಾಯಬೇಕಾಗಿದೆ. ಬೇಸರ ಇದೆ, ಆದರೆ ಈ ದಿನಗಳನ್ನು ಬಳಸಿಕೊಳ್ಳಬಹುದು. ನೀವು ಹುಡುಗಿಯರ ಶಾಲೆಯ ಟೀಚರ್ ಆಗಿರಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರಾಗಿರಿ, ಹಳೆ ವಿದ್ಯಾರ್ಥಿನಿ ಆಗಿರಿ, ಇವತ್ತೇ ಶುರು ಮಾಡಬಹುದಾದ ಕೆಲಸ ಇಲ್ಲಿದೆ.

ಮೊದಲು ಹಾಜರಿ ಪುಸ್ತಕ ತೆಗೆಯಿರಿ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚುವಾಗ ಯಾರ್ಯಾರ ಹೆಸರಿತ್ತು ನೋಡಿ. ಪ್ರತಿ ಹೆಸರಿನ ಎದುರು ಬರೆಯಿರಿ: ಈಗ ಎಲ್ಲಿದ್ದಾಳೆ, ಮನೆಯ ಫೋನ್ ಯಾರ ಕೈಯಲ್ಲಿರುತ್ತದೆ, ಅವಳ ಹತ್ತಿರ ಕೊನೆಗೆ ಮಾತಾಡಿದ್ದು ಯಾರು. ವಾಟ್ಸಾಪ್ ಗ್ರೂಪಿನಲ್ಲಿ ನಂಬರ್ ಉಂಟು ಅಂತ ನಿಶ್ಚಿಂತೆಯಾಗಿ ಕೂರಬೇಡಿ. ಆ ನಂಬರ್ ಅಪ್ಪನದಾದರೆ, ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಫೋನೂ ಹೋಯಿತು. ಒಂದೇ ಫೋನ್ ಇದ್ದು ಅಣ್ಣನೋ ತಮ್ಮನೋ ಇದ್ದರೆ, ಎಷ್ಟೋ ಮನೆಗಳಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತದ್ದು ಅವನು, ಪಾತ್ರೆ ತೊಳೆದದ್ದು ಇವಳು.

ಫೋನಿಗೆ ಸಿಗದವರ ಮನೆಗೆ ಹೋಗಲೇಬೇಕು. ಇಬ್ಬರು ಹೋಗಿ, ಒಬ್ಬರಾದರೂ ಆ ಮನೆಯ ಮಾತು ಬಲ್ಲವರಿರಲಿ, ತುಳುವೋ ಬ್ಯಾರಿಯೋ ಕೊಂಕಣಿಯೋ. ಜಗಲಿಯಲ್ಲಿ ಬೀಡಿ ಕಟ್ಟುವ ಅಮ್ಮನ ಪಕ್ಕ ಮಗಳೂ ತಡ್ಪೆ (ಮೊರ) ಹಿಡಿದು ಕೂತಿರಬಹುದು. ಅಲ್ಲಿ ನಿಂತು ಬುದ್ಧಿ ಹೇಳಬೇಡಿ, ಈ ಒಂದೂವರೆ ವರ್ಷ ಆ ಮನೆಯ ಅಕ್ಕಿ ಸಾಮಾನಿಗೆ ಆ ದುಡ್ಡೂ ಸೇರಿರುತ್ತದೆ. ‘ಅಕ್ಕಾ, ಶಾಲೆ ಶುರುವಾದರೆ ಇವಳನ್ನು ಕಳಿಸಲಿಕ್ಕೆ ಏನು ತೊಂದರೆ ಉಂಟು?’ ಅಂತ ಕೇಳಿ, ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಯೂನಿಫಾರ್ಮ್ ಗಿಡ್ಡವಾಗಿರುತ್ತದೆ, ಹಳೆ ಫೀಸ್ ಬಾಕಿ ಇದೆ ಅಂತ ಮುಜುಗರ ಇರುತ್ತದೆ. ಇವೆಲ್ಲ ಬಗೆಹರಿಯುವ ವಿಷಯಗಳೇ. ಯಾರೂ ಕೇಳಲಿಕ್ಕೆ ಬರಲಿಲ್ಲ, ಅಷ್ಟೆ.

ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಇಲ್ಲಿಗೆ ಕೂಲಿಗೆ ಬಂದಿದ್ದ ಕುಟುಂಬಗಳ ಹುಡುಗಿಯರನ್ನು ‘ಊರಿಗೆ ಹೋದರಂತೆ’ ಅಂತ ಬರೆದು ಬಿಟ್ಟುಬಿಡಬೇಡಿ. ಅಲ್ಲಿ ಶಾಲೆಗೆ ಸೇರಿದ್ದಾಳಾ ಅಂತ ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ನಂಬರ್) ಹಿಡಿದು ವಿಚಾರಿಸಬಹುದು. ಸೇರಿಲ್ಲದಿದ್ದರೆ ಅಪ್ಪ ಅಮ್ಮನಿಗೆ ಫೋನ್ ಮಾಡಿ, ಹತ್ತಿರದ ಶಾಲೆಗೆ ಸೇರಿಸಲು ಹೇಳಿ, ಬೇಕಾದ ಕಾಗದ ಕಳಿಸಿಕೊಡಿ.

ಇನ್ನೊಂದು ಗುಂಪು ಎಲ್ಲರ ಕಣ್ಣು ತಪ್ಪಿಸುತ್ತದೆ. ಈ ಸಲದ, ಅಂದರೆ 2021ರ, ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಮುಗಿಯಿತು, ಬಹುತೇಕ ಎಲ್ಲರೂ ಪಾಸಾದರು. ಪಾಸಾದವಳ ಹೆಸರು ನಮ್ಮ ಪುಸ್ತಕದಿಂದ ಹೋಯಿತು, ಪಿಯು ಕಾಲೇಜಿನ ಪುಸ್ತಕಕ್ಕೆ ಇನ್ನೂ ಬಂದಿಲ್ಲ. ಈ ಎರಡರ ನಡುವೆ ಅವಳ ಬಗ್ಗೆ ಕೇಳುವವರು ಯಾರೂ ಇಲ್ಲ, ಮನೆಯಲ್ಲಿ ಮದುವೆ ಮಾತು ಬರುವುದೂ ಅಂಗಡಿ ಕೆಲಸಕ್ಕೆ ಕಳಿಸುವುದೂ ಇಂಥ ಹೊತ್ತಿನಲ್ಲೇ. ಹಾಗಾಗಿ ಈ ವರ್ಷ ಹತ್ತು ಮುಗಿಸಿದವರ ಪಟ್ಟಿಯನ್ನೂ ಜೊತೆಗಿಟ್ಟುಕೊಳ್ಳಿ, ಪ್ರತಿಯೊಬ್ಬಳೂ ಎಲ್ಲಿ ಸೇರಿದಳು ಅಂತ ತಿಳಿಯುವವರೆಗೆ ಬಿಡಬೇಡಿ. 18 ತುಂಬದವಳಿಗೆ ಮದುವೆ ಮಾಡಲು ಹೊರಟಿದ್ದಾರೆ ಅಂತ ಗೊತ್ತಾದರೆ 1098ಕ್ಕೆ ಕರೆ ಮಾಡಿ.

ಕೊರೊನಾದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಕೊಡುವುದಾಗಿ ಸರ್ಕಾರ 2021ರಲ್ಲಿ ಹೇಳಿತ್ತು. ಅದಕ್ಕಾಗಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುವಾಗ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಒಂಟಿಯಾಗಿ ಕಳಿಸಬೇಡಿ, ಶಾಲೆಯಿಂದ ಒಬ್ಬರು ಜೊತೆಗೆ ಹೋಗಿ.

ಬಸ್ಸಿನ ವಿಷಯ. ನಮ್ಮಲ್ಲಿ ಒಳಊರಿನ ಹುಡುಗಿಯರು ಬರುವುದು ಹೆಚ್ಚಾಗಿ ಖಾಸಗಿ ಬಸ್ಸಿನಲ್ಲಿ, ಲಾಕ್‌ಡೌನ್ ನಂತರ ಎಷ್ಟೋ ಟ್ರಿಪ್ ನಿಂತಿವೆ. ಯಾವ ಊರಿನಿಂದ ಎಷ್ಟು ಜನ, ಎಷ್ಟು ಗಂಟೆಗೆ ಅಂತ ಪಟ್ಟಿ ಮಾಡಿ ಬಸ್ಸಿನ ಮಾಲೀಕರ ಹತ್ತಿರ ಹೋಗಿ. ಸಂಜೆಯ ಬಸ್ ಇಲ್ಲದಿದ್ದರೆ ಮನೆಯವರು ಹುಡುಗನನ್ನು ಕಳಿಸುತ್ತಾರೆ, ಹುಡುಗಿಯನ್ನು ನಿಲ್ಲಿಸುತ್ತಾರೆ, ಅಲ್ವಾ?

ಕಟ್ಟಡದಲ್ಲಿ ಮೊದಲು ಟಾಯ್ಲೆಟ್ ನೋಡಿ. ನೀರು ಬರುತ್ತದಾ, ಚಿಲಕ ಬೀಳುತ್ತದಾ, ಮುಚ್ಚಳದ ಡಬ್ಬಿ ಇದೆಯಾ. ಪ್ಯಾಡ್‌ಗಳನ್ನು ಹುಡುಗಿಯರೇ ತೆಗೆದುಕೊಳ್ಳುವ ಜಾಗದಲ್ಲಿಡಿ, ಕೇಳಿ ಪಡೆಯುವ ಹಾಗೆ ಮಾಡಬೇಡಿ. ಮಳೆ ಬಂತು ಅಂತ ತರಗತಿಯ ಕಿಟಕಿ ಎಲ್ಲ ಹಾಕಿಬಿಟ್ಟರೆ ಗಾಳಿಯೇ ಆಡುವುದಿಲ್ಲ, ಬೆಂಚುಗಳನ್ನು ಒಳಗೆ ಸರಿಸಿ ಕಿಟಕಿ ತೆರೆದೇ ಇಡಿ. ಒದ್ದೆ ಮಾಸ್ಕ್ ಹಾಕಿ ಕೂರಬಾರದು, ಬ್ಯಾಗಿನಲ್ಲಿ ಇನ್ನೊಂದು ಇರಲಿ. ಬಿಸಿಯೂಟ ಶುರುವಾಗುವವರೆಗೆ ಬುತ್ತಿ ತರಲಾಗದವಳು ಯಾರು ಅಂತ ಮೊದಲ ದಿನವೇ ಗಮನಿಸಿ.

ಇನ್ನು ಪಾಠ. ದಯವಿಟ್ಟು ಪೋರ್ಷನ್ ಓಡಿಸಬೇಡಿ. ಸೇತುಬಂಧವನ್ನು (ಹಿಂದಿನ ತರಗತಿಯ ಕಲಿಕೆ ಸರಿದೂಗಿಸುವ ಕಾರ್ಯಕ್ರಮ) ಫೈಲಿಗಾಗಿ ಮಾಡಿ ಮುಗಿಸಬೇಡಿ. ಒಬ್ಬೊಬ್ಬಳನ್ನೇ ಪಕ್ಕದಲ್ಲಿ ಕೂರಿಸಿ ಎರಡು ತರಗತಿ ಕೆಳಗಿನ ಪುಸ್ತಕದಿಂದ ಒಂದು ಪ್ಯಾರಾ ಓದಿಸಿ, ಒಂದು ಭಾಗಾಕಾರ ಮಾಡಿಸಿ. ಬೇರೆಯವರ ಎದುರು ಓದಿಸಬೇಡಿ. ಮನೆಯಲ್ಲಿ ತುಳು, ಬ್ಯಾರಿ ಮಾತಾಡುವ ಎಷ್ಟೋ ಮಕ್ಕಳಿಗೆ ಕನ್ನಡ ಓದು ಸಿಗುವುದು ಶಾಲೆಯಲ್ಲೇ, ಅದೂ ನಿಂತು ಹೋಗಿತ್ತು. ತಡವರಿಸಿದರೆ ಅವಳು ದಡ್ಡಿ ಅಂತ ಅಲ್ಲ, ಓದಲು ಅವಳಿಗೆ ಏನೂ ಸಿಕ್ಕಿರಲಿಲ್ಲ. ಹಿಂದುಳಿದವರಿಗೆ ದಿನಕ್ಕೆ ಅರ್ಧ ಗಂಟೆ ಬೇರೆಯಾಗಿ ಓದಿಸಿ, ಇದಕ್ಕೆ ಡಿಗ್ರಿ ಓದುತ್ತಿರುವ ಹಳೆ ವಿದ್ಯಾರ್ಥಿನಿಯರನ್ನು ಕರೆಯಿರಿ. ಟೀಚರ್ ಹತ್ತಿರ ಹೇಳದ ಮಾತನ್ನು ಆ ಅಕ್ಕನ ಹತ್ತಿರ ಹೇಳುತ್ತಾರೆ, ಹಾಗಾಗಿ ಅವರಿಗೂ ಮೊದಲೇ ತಿಳಿಸಿ: ಹುಡುಗಿ ಅಳುತ್ತಾ ಏನಾದರೂ ಹೇಳಿದರೆ ಗುಟ್ಟಾಗಿಟ್ಟುಕೊಂಡು ಒಬ್ಬಳೇ ಹೊರಬೇಡ, ನಂಬಿಕೆಯ ಟೀಚರ್‌ಗೆ ಹೇಳು ಅಂತ.

ಮುಂಬೈಯಲ್ಲಿ, ಗಲ್ಫ್‌ನಲ್ಲಿ ಇರುವ ಹಳೆ ವಿದ್ಯಾರ್ಥಿನಿಯರು ‘ಏನು ಕಳಿಸಲಿ?’ ಅಂತ ಕೇಳುತ್ತಾರೆ. ಬಸ್ ಪಾಸಿನ ದುಡ್ಡು, ಯೂನಿಫಾರ್ಮ್ ಬಟ್ಟೆ, ಪ್ಯಾಡ್, ಒಂದು ವರ್ಷದ ಫೀಸ್ ಬಾಕಿ ಅಂತ ನೇರವಾಗಿ ಹೇಳಿ. ಯಾವ ಹುಡುಗಿಗೆ ಕೊಟ್ಟಿರಿ ಅಂತ ಹೆಸರು, ಫೋಟೋ ಮಾತ್ರ ಕಳಿಸಬೇಡಿ. ಲೆಕ್ಕ ಕಳಿಸಿದರೆ ಸಾಕು.