ರೈಟರ ಮನೆಗೆ ಒಂದೇ ಕುರ್ಚಿ

ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದವರು, ಅಂದರೆ ತೋಟದ ಲೆಕ್ಕ ಬರೆಯುವವರು. ಈಗ ನಿವೃತ್ತಿ. ಒಂಟಿ, ಮಹಾ ಲೆಕ್ಕಾಚಾರದ ಮನುಷ್ಯ. ನಮ್ಮ ಹವ್ಯಾಸಿ ತಂಡದ ನಾಟಕದ ಪಾತ್ರ ಇವರು; ವೇದಿಕೆಯ ಮೇಲೆ ಇವರ ಮನೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಆಗ ಕಲಿತದ್ದು ಇಷ್ಟು.

ಮೊದಲು ಬಣ್ಣ, ಪ್ಲೈವುಡ್ ಎಲ್ಲ ಮರೆತುಬಿಡಿ. ನಾಟಕವನ್ನು ಒಮ್ಮೆ ಸುಮ್ನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿಯಿರಿ. ಪಾತ್ರ ಏನೇನು ಮುಟ್ಟುತ್ತದೆ, ಎಲ್ಲಿ ಕೂರುತ್ತದೆ, ಯಾವ ಮಾತಿನಿಂದ ತಪ್ಪಿಸಿಕೊಳ್ಳುತ್ತದೆ, ಗುರುತು ಹಾಕಿ. ನಮ್ಮ ರೈಟರು ಮಗನ ಸುದ್ದಿ ಬಂದರೆ ಮಾತು ಬದಲಿಸುತ್ತಿದ್ದರು. ಅದಕ್ಕೇ ಮಗನ ಕೋಣೆಯ ಬಾಗಿಲನ್ನು ವೇದಿಕೆಯ ನಟ್ಟನಡುವೆ ನಿಲ್ಲಿಸಿ ಬೀಗ ಹಾಕಿದೆವು.

ಆಮೇಲೆ ಸಾಮಾನು. ಮಲೆನಾಡು ಅಂದ ಕೂಡಲೇ ಕಂಬಳಿ, ಗಮ್‌ಬೂಟು, ಛತ್ರಿ ತಂದು ಸುರಿಯುತ್ತೇವೆ, ಅಲ್ವಾ? ಅವು ಊರನ್ನು ತೋರಿಸುತ್ತವೆ, ಮನುಷ್ಯನನ್ನಲ್ಲ. ಛತ್ರಿ ಮೊಳೆಗೆ ನೆಟ್ಟಗೆ ನೇತಾಡುತ್ತಿದೆಯೋ, ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿದೆಯೋ ನೋಡಿ. ಪಾತ್ರ ಇರುವುದು ಅಲ್ಲಿ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು) ಬರೆದಿಡುತ್ತಾರಲ್ಲ, ಇವರು ಕೆಲಸ ಬಿಟ್ಟ ಮೇಲೂ ದಿನಾ ಬರೆಯುತ್ತಾರೆ. ಅದನ್ನು ನಾನು ಕ್ಯಾಲೆಂಡರಿನ ಮೇಲೆ ಚೆಂದವಾಗಿ ಬರೆದಿದ್ದೆ. ಮೊದಲ ಪ್ರದರ್ಶನದಲ್ಲಿ ಎರಡು ಸಾಲಿನವರಿಗಷ್ಟೇ ಕಂಡಿತು! ಮುಂದಿನ ಸಲ ಗೋಡೆ ತುಂಬ ಸೀಮೆಸುಣ್ಣದ ದಪ್ಪ ಅಂಕಿಗಳು.

ಕುರ್ಚಿ ಒಂದೇ ಇಡಿ ಎಂದೆ. ನಿರ್ದೇಶಕರು ಒಪ್ಪಲಿಲ್ಲ, ಜಗಳವೇ ಆಯಿತು. ತಾಲೀಮಿನಲ್ಲಿ ನೋಡಿದರೆ, ಮನೆಗೆ ಬಂದವರೆಲ್ಲ ನಿಂತೇ ಮಾತಾಡಬೇಕು! ಯಾರೂ ಜಾಸ್ತಿ ಹೊತ್ತು ಉಳಿಯುವುದಿಲ್ಲ. ರೈಟರಿಗೂ ಅದೇ ಬೇಕು.

ಕಟ್ಟುವ ಮುಂಚೆ ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ರಟ್ಟಿನ ಮಾದರಿ ಮಾಡಿ. 24 ಅಡಿ ಅಗಲದ ವೇದಿಕೆ 12 ಇಂಚಾಗುತ್ತದೆ. ಅದೇ ಅಳತೆಯ ರಟ್ಟಿನ ಮನುಷ್ಯನನ್ನೂ ನಿಲ್ಲಿಸಿ, ಐದೂವರೆ ಅಡಿಗೆ ಎರಡೂ ಮುಕ್ಕಾಲು ಇಂಚು. ಗೋಡೆಗೆ ಸಿಲ್ವರ್ ಓಕ್ ಮರದ ರೀಪರಿನ (ತೆಳು ಪಟ್ಟಿಯ) ಚೌಕಟ್ಟು, ಮೇಲೆ ಬಿಗಿದ ಬಟ್ಟೆ ಸಾಕು. ಹಿಂದೆ ಊರುಗೋಲು ಕೊಟ್ಟು ಮರಳಿನ ಚೀಲ ಇಡಿ. ಅಪ್ಪಟ ಬಿಳಿ ಬಳಿಯಬೇಡಿ. ದೀಪ ಬಿದ್ದರೆ ಕಣ್ಣು ಕುಕ್ಕುತ್ತದೆ, ಬಿಳಿ ಪಂಚೆಯೂ ಗೋಡೆಯಲ್ಲಿ ಕರಗಿಹೋಗುತ್ತದೆ.

ಎಲ್ಲ ನಿಂತ ಮೇಲೆ ಮುಂದಿನ ಸಾಲಿನ ಎರಡೂ ತುದಿಗಳಲ್ಲಿ ಕೂತು ನೋಡಿ. ಬಾಗಿಲು ಮರೆಯಾದರೆ ಗೋಡೆಯನ್ನು ಸರಿಸಿ.

ಬೀಗ ಮಾತ್ರ ಕಬ್ಬಿಣದ್ದೇ ಇರಲಿ. ರೈಟರು ಒಮ್ಮೆ ಅದನ್ನು ಎತ್ತಿ ಕೈಬಿಡುತ್ತಾರೆ. ಆ ಟಣ್ ಸದ್ದು ಕೊನೇ ಸಾಲಿಗೂ ಕೇಳಬೇಕು.